ಓರೆಯಾಗಿ ನಿಂತ ಕುದುರೆ

ಕೋಲಾರ, ೧೨ ಫೆಬ್ರವರಿ ೧೯೩೯, ಭಾನುವಾರ

ಇಂದು ಮಧ್ಯಾಹ್ನ ನನ್ನ ಮಗನ ತಗಡಿನ ಪೆಟ್ಟಿಗೆಯನ್ನೂ ಅದರೊಂದಿಗೆ ಬಂದಿದ್ದ ವಾದ್ಯವನ್ನೂ ಅಟ್ಟದಿಂದ ಇಳಿಸಿದೆ. ಚಿನ್ನದ ಗಣಿಯ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಅವನು ವಿಷಮಜ್ವರದಿಂದ ತೀರಿಕೊಂಡು ಒಂದೂವರೆ ವರ್ಷವಾಯಿತು. ಅವನ ಹೆಸರನ್ನು ಈ ಪುಸ್ತಕದಲ್ಲಿ ಬರೆಯಬಾರದೆಂಬ ನಿಯಮವನ್ನು ನಾನೇ ಹಾಕಿಕೊಂಡಿದ್ದೇನೆ. ಬರೆಯಹೊರಟರೆ ಲೇಖನಿ ನಿಲ್ಲುತ್ತದೆ. ನಿಂತ ಲೇಖನಿಯಿಂದ ಶಾಯಿ ಸೋರುತ್ತದೆ. ವಕೀಲನ ಮೇಜಿನ ಮೇಲೆ ಮಸಿಯ ಕಲೆಗಳು ಶೋಭಿಸುವುದಿಲ್ಲ.

ವಾದ್ಯದ ಹೆಸರು ಗಿಟಾರು. ಆರು ಉಕ್ಕಿನ ತಂತಿಗಳು. ಕತ್ತಿನ ಹಲಗೆಯ ಮೇಲೆ ಅಡ್ಡಡ್ಡವಾಗಿ ಬಡಿದು ಕೂರಿಸಿದ ತೆಳ್ಳನೆಯ ಲೋಹದ ಮೆಟ್ಟುಗಳು. ಹೊಟ್ಟೆಯ ಭಾಗದಲ್ಲಿ ತಂತಿಗಳನ್ನು ಎತ್ತಿ ಹಿಡಿಯುವ ಒಂದು ಕರಿಮರದ ತುಂಡಿದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ತಂತಿಗಳ ಬಿಗಿತವೇ ಅದನ್ನು ಒತ್ತಿ ನಿಲ್ಲಿಸಿದೆ. ಅದು ಸೊಟ್ಟಗೆ ನಿಂತಿತ್ತು. ತಂತಿಗಳನ್ನು ಸಡಿಲಿಸಿ, ಧೂಳೊರೆಸಿ, ಎಣ್ಣೆಬಟ್ಟೆಯಿಂದ ತಿಕ್ಕಿ, ಆ ತುಂಡನ್ನು ರೂಲುಪಟ್ಟಿ ಹಿಡಿದು ನೆಟ್ಟಗೆ ನಿಲ್ಲಿಸಿ ಮತ್ತೆ ಬಿಗಿದೆ. ಈ ಮನೆಯಲ್ಲಿ ಯಾವುದೂ ಸೊಟ್ಟಗಿರಕೂಡದು.

ಗಣಿಯ ಬ್ಯಾಂಡಿನಲ್ಲಿ ಅವನೊಡನೆ ನುಡಿಸುತ್ತಿದ್ದ ಆರೋಗ್ಯಸ್ವಾಮಿ ಎಂಬಾತ ಈ ವಾದ್ಯ ತಮಗೆ ದೊರೆತರೆ ಉಪಕಾರವೆಂದು ಹೇಳಿಕಳುಹಿಸಿದ್ದಾನೆ. ಕೊಡುವುದೆಂದು ನಾನು ನಿರ್ಧರಿಸಿದ್ದೆ. ಆದರೆ ಮಗಳು ಆದಿಲಕ್ಷ್ಮಿ ಬಾಗಿಲ ಬಳಿ ನಿಂತು ನೋಡುತ್ತಿದ್ದಳು. ಹೈಸ್ಕೂಲಿನಲ್ಲಿ ಓದುತ್ತಿರುವ ಹುಡುಗಿ. ಅಣ್ಣ ಹೋದ ಮೇಲೆ ಮಾತು ಕಡಿಮೆ.

“ಅಪ್ಪಾ, ಅದನ್ನ ಕೊಡಬೇಡಿ. ನನಗೆ ನುಡಿಸೋಕೆ ಬರುತ್ತೆ. ಅಣ್ಣ ರಜಕ್ಕೆ ಬಂದಾಗೆಲ್ಲ ಹೇಳಿಕೊಟ್ಟಿದ್ದಾನೆ.”

“ಹಾಗಾದರೆ ನುಡಿಸು.”

ನುಡಿಸಿದಳು. ಮುಂದೆ ಹೆಚ್ಚು ಬರೆಯಲಾರೆ. ಹಿತ್ತಲಿನಲ್ಲಿದ್ದ ನನ್ನ ಹೆಂಡತಿ ವೆಂಕಟರತ್ನಮ್ಮ, ಬೆಕ್ಕು ಬಾವಿಗೆ ಬಿತ್ತೇ ಎಂದು ಓಡಿ ಬಂದಳು.

ತೀರ್ಪು: ಈ ವರ್ಷ ನಮ್ಮ ಮನೆಯಲ್ಲಿ ರಾಮನವಮಿಯ ಭಜನೆಯನ್ನು ಮತ್ತೆ ನಡೆಸುವುದೆಂದಿದೆ. ಅಷ್ಟರೊಳಗೆ ಈ ವಾದ್ಯ ನಮ್ಮ ಹಾರ್ಮೋನಿಯಮ್ಮಿನ ಶ್ರುತಿಗೆ ಒಪ್ಪಿದರೆ ಮನೆಯಲ್ಲಿರಲಿ. ಒಪ್ಪದಿದ್ದರೆ ಹಬ್ಬದ ದಿನ ಆರೋಗ್ಯಸ್ವಾಮಿ ಬಂದು ಒಯ್ಯಲಿ. ಹಾಗೆಂದು ಅವನಿಗೂ ಹೇಳಿಕಳುಹಿಸಿದ್ದೇನೆ. ಕೊಟ್ಟ ಮಾತನ್ನು ಹಿಂತೆಗೆದುಕೊಂಡು ನನಗೆ ಅಭ್ಯಾಸವಿಲ್ಲ.

೧೯ ಫೆಬ್ರವರಿ, ಭಾನುವಾರ

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದೆ. ಇಂದು ನಡುಮನೆಯಲ್ಲಿ ಮೊದಲ ವಿಚಾರಣೆ ನಡೆಯಿತು. ಕಾಲೇಜಿನ ಚರ್ಚಾಸಂಘದಲ್ಲಿ ನಾನು ಎಂದೂ ಸೋಲದ ಪದ್ಧತಿಯಲ್ಲೇ ಪ್ರಸ್ತಾಪವನ್ನು ಮಂಡಿಸಿದೆ: ಗಿಟಾರು ಎಂಬುದು ಹುಟ್ಟಿನಿಂದಲೇ ಸುಳ್ಳಾಡುವ ವಾದ್ಯ. ಪ್ರತಿಪಕ್ಷ, ಆದಿಲಕ್ಷ್ಮಿ.

“ನೀವೇ ವಾದಿ, ನೀವೇ ಜಡ್ಜು,” ಎಂದಳು ಹೆಂಡತಿ ಅಕ್ಕಿ ಕೇರುತ್ತ. “ಪಾಪ, ಆ ಹುಡುಗಿ ಅಪೀಲಿಗೆ ಎಲ್ಲಿ ಹೋಗ್ಬೇಕು?”

ಆಕ್ಷೇಪಣೆಯನ್ನು ತಳ್ಳಿಹಾಕಿದೆ.

ಸಾಕ್ಷ್ಯ ಹೀಗಿದೆ. ಬಿಟ್ಟ ತಂತಿಯನ್ನು ಮೀಟಿದರೆ ಹಾರ್ಮೋನಿಯಮ್ಮಿನ ಷಡ್ಜದೊಡನೆ ಅದು ಹಾಲಿನಲ್ಲಿ ಸಕ್ಕರೆಯಂತೆ ಕರಗುತ್ತದೆ. ಅದೇ ತಂತಿಯನ್ನು ಯಾವ ಮೆಟ್ಟಿನ ಬಳಿ ಒತ್ತಿದರೂ ಬರಬೇಕಾದ ಸ್ವರಕ್ಕಿಂತ ಕೊಂಚ ಏರಿ ನಿಲ್ಲುತ್ತದೆ. ಕೆಳಗಿನ ಮೆಟ್ಟುಗಳಲ್ಲಿ ಈ ತಪ್ಪು ಅಲ್ಪ, ಹೊಟ್ಟೆಯ ಕಡೆಗೆ ಹೋದಷ್ಟೂ ಅಧಿಕ. ದಪ್ಪ ತಂತಿಗಳಲ್ಲಂತೂ ನಾಚಿಕೆಗೇಡು. ಬಿಟ್ಟರೆ ಸತ್ಯ, ಒತ್ತಿದರೆ ಸುಳ್ಳು.

“ಅಣ್ಣ ನುಡಿಸಿದಾಗ ಹೀಗಿರಲಿಲ್ಲ,” ಎಂದಳು ಆದಿಲಕ್ಷ್ಮಿ.

“ಅದು ನೆನಪು. ನೆನಪು ಸಾಕ್ಷ್ಯವಾಗದು.”

“ಸರಿ, ನೀವೇ ಒತ್ತಿ ನೋಡಿ.”

ಒತ್ತಿದೆ. ಅವಳ ಕೈಯಲ್ಲಿ ಕೊಂಚ ಏರಿದ್ದ ಸ್ವರ ನನ್ನ ಕೈಯಲ್ಲಿ ಮತ್ತಷ್ಟು ಏರಿತು. ಆಗ ಆ ಹುಡುಗಿ ಹೇಳಿದ್ದಿಷ್ಟು: “ಅಪ್ಪಾ, ಅದು ತಂತಿ. ಎದುರು ಪಕ್ಷದ ವಕೀಲರ ಕತ್ತಲ್ಲ.”

ಈ ಮಾತಿಗೆ ಗದರಿಸಬೇಕಿತ್ತು. ಅಷ್ಟರಲ್ಲಿ ಹೆಂಡತಿ ಮೊರವನ್ನು ಕೆಳಗಿಟ್ಟು ಸರಸರನೆ ಅಡಿಗೆಮನೆಗೆ ಹೋದಳು. ಅವಳ ಭುಜಗಳು ಅಲುಗುತ್ತಿದ್ದವು. ಅತ್ತಳೋ ನಕ್ಕಳೋ ನಿರ್ಧರಿಸಲಾರೆ.

೨೧ ಫೆಬ್ರವರಿ, ಮಂಗಳವಾರ

ಒಂದೇ ತಂತಿ, ಒಂದೇ ಮೆಟ್ಟು. ಮಗಳ ಬೆರಳಿಗೆ ಒಂದು ಉತ್ತರ, ನನ್ನ ಬೆರಳಿಗೆ ಇನ್ನೊಂದು. ಹಾಗಾದರೆ ಸುಳ್ಳು ವಾದ್ಯದಲ್ಲಿ ಮಾತ್ರವೇ ಇದೆಯೇ? ಪ್ರಸ್ತಾಪದಲ್ಲಿ ಸಣ್ಣದೊಂದು ಬಿರುಕು ಕಾಣುತ್ತಿದೆ. ಪ್ರತಿಪಕ್ಷಕ್ಕೆ ತಿಳಿಸಿಲ್ಲ.

೨೬ ಫೆಬ್ರವರಿ, ಭಾನುವಾರ

ನನ್ನ ಅಕ್ಕ ಅಕ್ಕಯಮ್ಮ ಶ್ರೀನಿವಾಸಪುರದಿಂದ ಸಣ್ಣ ರೈಲಿನಲ್ಲಿ ಬಂದಿಳಿದಳು. ಒಂದು ಕೈಯಲ್ಲಿ ಮಾವಿನ ಮಿಡಿಯ ಚೀಲ, ಇನ್ನೊಂದರಲ್ಲಿ ಛತ್ರಿ, ಬಾಯಲ್ಲಿ ರೈಲಿನವರ ಮೇಲೆ ದೂರು. ಬಾಲ್ಯದಿಂದ ವೀಣೆ ನುಡಿಸಿದವಳು. ನಮ್ಮ ವಂಶದ ಸಂಗೀತವೆಲ್ಲ ಅವಳ ಪಾಲಿಗೆ ಹೋಗಿ, ಮಾತು ನನ್ನ ಪಾಲಿಗೆ ಬಂತೆಂದು ತಂದೆ ಹೇಳುತ್ತಿದ್ದರು. ಮಾತಿನಲ್ಲಿಯೂ ಅವಳ ಪಾಲು ಕಡಿಮೆಯೇನಲ್ಲ.

ಗಿಟಾರನ್ನು ಕಂಡವಳೇ, “ಏನ್ಲಾ ಕೋದಂಡ ಇದು! ವೀಣೆಗೆ ಜ್ವರ ಬಂದು ಇಳಿದೋದಂಗಿದೆ,” ಎಂದಳು.

ಜ್ವರ ಎಂಬ ಮಾತು ಬಾಯಿಂದ ಜಾರಿದೊಡನೆ ಅಕ್ಕ ತಾನೇ ತುಟಿ ಕಚ್ಚಿಕೊಂಡು, ವಾದ್ಯವನ್ನೆತ್ತಿ, ವೀಣೆಯಂತೆ ತೊಡೆಯ ಮೇಲೆ ಅಂಗಾತ ಮಲಗಿಸಿಕೊಂಡಳು. ಎರಡು ಬೆರಳು ಜೋಡಿಸಿ ಒತ್ತಿ ಪಕ್ಕಕ್ಕೆ ಎಳೆದಳು. ವೀಣೆಯ ತಂತಿ ಎಳೆದೆಳೆದು ಜಡ್ಡುಗಟ್ಟಿದ ಬೆರಳುಗಳು. ಸ್ವರ ನನ್ನ ಕೈಯಲ್ಲಿ ಏರಿದ್ದಕ್ಕಿಂತಲೂ ಮೇಲಕ್ಕೆ ಹಾರಿತು.

“ಛೀ! ಇದಕ್ಕೆ ಮೇಣವೇ ಇಲ್ಲವಲ್ಲೋ!” ಎಂದಳು, ಮನುಷ್ಯನಿಗೆ ಮೂಗಿಲ್ಲವೆಂಬಂತೆ.

ಅವಳ ವಿವರಣೆಯನ್ನು ನ್ಯಾಯವಾಗಿ ದಾಖಲಿಸುತ್ತೇನೆ. ವೀಣೆಯಲ್ಲಿ ಈ ಮೆಟ್ಟುಗಳನ್ನು ಮನೆಗಳೆನ್ನುತ್ತಾರೆ. ಅವು ಎತ್ತರವಾದವು, ಕಪ್ಪು ಮೇಣದ ಗೋಡೆಯ ಮೇಲೆ ಕೂತಿರುತ್ತವೆ. ಸ್ವರ ತಪ್ಪಿದರೆ ಮೇಣವನ್ನು ಬಿಸಿ ಮಾಡಿ, ಕಿವಿ ಒಪ್ಪುವವರೆಗೆ ಮನೆಯನ್ನೇ ಅತ್ತಿತ್ತ ಸರಿಸಬಹುದು. ಇಲ್ಲಿಯೋ, ದೂರದೇಶದ ಯಾವನೋ ಅಳೆದು ಬಡಿದಿಟ್ಟದ್ದೇ ಶಾಶ್ವತ.

“ನಾಳಿದ್ದು ನೋಡು, ಒಂದು ಮನೆ ನಾನೇ ಕಟ್ಟಿ ತೋರಿಸ್ತೀನಿ. ನಿನ್ನ ಕೋರ್ಟು ಕಚೇರಿ ಎಲ್ಲ ಪಕ್ಕಕ್ಕಿಡು.”

೨೮ ಫೆಬ್ರವರಿ, ಮಂಗಳವಾರ

ಅಕ್ಕ ಕಟ್ಟಿದಳು. ಅವಳ ಕೈಚೀಲದಲ್ಲಿ ಮೇಣದುಂಡೆಯೂ ವೀಣೆಯಿಂದ ಕಳಚಿದ ಒಂದು ಹಿತ್ತಾಳೆಯ ಮೆಟ್ಟೂ ಸದಾ ಇರುತ್ತವಂತೆ. ಬೇರೆ ಹೆಂಗಸರು ಎಲೆಯಡಿಕೆ ಇಟ್ಟುಕೊಳ್ಳುತ್ತಾರೆ. ಮೂರನೆಯ ಮೆಟ್ಟಿನ ಪಕ್ಕದಲ್ಲಿ ಮೇಣ ಒತ್ತಿ, ಹಿತ್ತಾಳೆಯನ್ನು ಅದರ ಮೇಲೆ ಕೂರಿಸಿ, ಮೀಟುತ್ತ ಸರಿಸುತ್ತ, ಕಡೆಗೆ ಹಾರ್ಮೋನಿಯಮ್ಮಿನ ಸ್ವರಕ್ಕೆ ಸರಿಯಾಗಿ ನಿಲ್ಲಿಸಿದಳು.

“ಹೂಂ, ಒಪ್ಪಿಕೋ.”

ಒಪ್ಪಲೇಬೇಕಾಗಿತ್ತು. ಆದರೆ ಆದಿಲಕ್ಷ್ಮಿ ಅದೇ ಮನೆಯನ್ನು ಒತ್ತಿದಾಗ ಸ್ವರ ತಗ್ಗಿತು. ಅವಳ ಬೆರಳು ಹಗುರ. ಅಕ್ಕ ಒತ್ತಿದರೆ ಸರಿ, ಮಗಳು ಒತ್ತಿದರೆ ಇಳಿತ. ಅಂದರೆ ಅಕ್ಕ ಆ ಮನೆಯನ್ನು ತನ್ನ ಕೈಯ ಭಾರಕ್ಕೆ ಕಟ್ಟಿದ್ದಳೇ ವಿನಾ ಸ್ವರಕ್ಕೆ ಕಟ್ಟಿರಲಿಲ್ಲ.

“ಇವಳಿಗೆ ಅನ್ನ ಸಾಲದು ರತ್ನಾ, ತುಪ್ಪ ಹಾಕು. ಬೆರಳಲ್ಲಿ ಶಕ್ತಿಯೇ ಇಲ್ಲ!”

“ಅತ್ತೇ, ನಿಮಗೆ ತುಪ್ಪ ಕಡಿಮೆ ಮಾಡಿದ್ರೂ ಸರಿಹೋಗುತ್ತೆ.”

ವಾದ ಊಟದವರೆಗೂ ಹಬ್ಬಿತು. ಇಬ್ಬರ ಪಕ್ಷದಲ್ಲೂ ಸತ್ವವಿತ್ತು. ಮಗಳ ಮಾತು ಹರಿತವಾಗುತ್ತಿದೆ, ಯಾರಿಂದ ಬಂತೋ.

೨ ಮಾರ್ಚ್, ಗುರುವಾರ

ನಾನು ಕೋರ್ಟಿನಿಂದ ಬರುವ ಹೊತ್ತಿಗೆ ಅಂಗಳದಲ್ಲಿ ಹೆಂಗಸರ ಗದ್ದಲ. ವಾದ್ಯದ ಹೊಟ್ಟೆಯಲ್ಲಿ ಮುಗ್ಗಲು ವಾಸನೆಯಿದೆಯೆಂದು ಹೆಂಡತಿ ಅದನ್ನು ಹಪ್ಪಳಗಳ ಪಕ್ಕದಲ್ಲಿ ಬಿಸಿಲಿಗೆ ಒಣಹಾಕಿದ್ದಳು. ಕೋಲಾರದ ಬಿಸಿಲಿಗೆ ಮೇಣ ಬೆಣ್ಣೆಯಾಯಿತು. ಅಕ್ಕನ ಹಿತ್ತಾಳೆಯ ಮೆಟ್ಟು ಸುಖವಾಗಿ ಜಾರಿ ಮುಂದಿನ ಮೆಟ್ಟಿಗೆ ಒರಗಿಕೊಂಡಿತ್ತು.

“ವದಿನಾ, ಬಂದು ನೋಡಿ! ನಿಮ್ಮ ಮನೆ ಎದ್ದು ಪಕ್ಕದ ಮನೆಗೆ ಮಾತಾಡೋಕೆ ಹೋಗಿದೆ!” ಎಂದು ಹೆಂಡತಿ ಕೂಗುತ್ತಿದ್ದಳು. ಅತ್ತಿಗೆಯನ್ನು ವದಿನಾ ಎನ್ನುವ ತವರಿನ ತೆಲುಗು ಅವಳ ಬಾಯಿಗೆ ಬರುವುದು ತುಂಬ ಸಿಟ್ಟು ಬಂದಾಗ ಅಥವಾ ತುಂಬ ಸಂತೋಷವಾದಾಗ ಮಾತ್ರ. ಸಿಟ್ಟಿಗೆ ಕಾರಣವೇನೂ ಇರಲಿಲ್ಲ.

ಅಕ್ಕ ಛತ್ರಿಯ ತುದಿಯಿಂದ ಮೇಣವನ್ನು ಕೆರೆಯುತ್ತ ಸೂರ್ಯನನ್ನು ಬೈದಳು. ಒಂದು ಹಪ್ಪಳ ಗಿಟಾರಿನ ಬೆನ್ನಿಗೆ ಅಂಟಿಕೊಂಡಿತ್ತು. ಆದಿಲಕ್ಷ್ಮಿ ಅದನ್ನು ಬಿಡಿಸಿ, ಮೀಟಿ, “ಅಪ್ಪಾ, ಇದು ಶ್ರುತಿಯಲ್ಲಿದೆ,” ಎಂದಳು.

ನಾನು ನಕ್ಕೆನೆಂದು ಮೂವರೂ ಹೇಳುತ್ತಾರೆ. ಸ್ವತಂತ್ರ ಸಾಕ್ಷ್ಯವಿಲ್ಲ.

೫ ಮಾರ್ಚ್, ಭಾನುವಾರ

ಇಂದು ಬೆಳಗಿನಿಂದ ಮಧ್ಯಾಹ್ನದವರೆಗೆ ನಾನೂ ಆದಿಲಕ್ಷ್ಮಿಯೂ ಶಿಸ್ತಾಗಿ ಪರೀಕ್ಷೆ ನಡೆಸಿದೆವು. ಪ್ರಸ್ತಾಪವನ್ನು ಸದ್ಯಕ್ಕೆ ಬದಿಗಿರಿಸಿದ್ದೇನೆ. ಸತ್ಯ ಮೊದಲು, ಗೆಲುವು ಆಮೇಲೆ.

ತಂತಿಯ ನಟ್ಟನಡುವೆ, ಹನ್ನೆರಡನೆಯ ಮೆಟ್ಟಿನ ನೇರಕ್ಕೆ, ಒತ್ತದೆ ಬರಿದೇ ಬೆರಳು ಸೋಕಿಸಿ ಮೀಟಿದರೆ ಗಂಟೆಯಂತಹ ಸ್ವಚ್ಛ ನಾದ ಹೊರಡುತ್ತದೆ. ಅಣ್ಣ ತೋರಿಸಿದ್ದ ಉಪಾಯವಂತೆ. ಅದು ಮೇಲಿನ ಷಡ್ಜ, ಹಾರ್ಮೋನಿಯಮ್ಮಿಗೆ ಸರಿಸಮ. ಅದೇ ಜಾಗದಲ್ಲಿ ಒತ್ತಿ ಮೀಟಿದರೆ ಅದೇ ಷಡ್ಜ ಬರಬೇಕು, ಬರುವುದಿಲ್ಲ, ಏರುತ್ತದೆ. ಎರಡಕ್ಕೂ ಇರುವ ಭೇದ ಒತ್ತುವುದೊಂದೇ. ಆದ್ದರಿಂದ ಅಪರಾಧಿ ಒತ್ತಡ.

ಏಕೆಂದರೆ ತಂತಿ ಹಲಗೆಯಿಂದ ಎತ್ತರದಲ್ಲಿದೆ. ಅದನ್ನು ಮೆಟ್ಟಿಗೆ ತಾಗಿಸಲು ಬಗ್ಗಿಸಬೇಕು, ಬಗ್ಗಿದರೆ ಹಿಗ್ಗುತ್ತದೆ, ಹಿಗ್ಗಿದರೆ ಬಿಗಿಯಾಗುತ್ತದೆ, ಬಿಗಿಯಾದರೆ ಶ್ರುತಿ ಏರುತ್ತದೆ. ಮೆಟ್ಟಿನ ಹಿಂದೆ ದೂರದಲ್ಲಿ ಬೆರಳಿಟ್ಟು ಹಲಗೆಯವರೆಗೆ ತಳ್ಳಿದರೆ ಇನ್ನೂ ಏರುತ್ತದೆ. ದಪ್ಪ ತಂತಿ ಈ ಹಿಂಸೆಯನ್ನು ಸಣ್ಣ ತಂತಿಗಿಂತ ಹೆಚ್ಚು ಮನಸ್ಸಿಗೆ ಹಚ್ಚಿಕೊಳ್ಳುತ್ತದೆ.

“ಹಾಗಾದ್ರೆ ಹಿಗ್ಗಿದ್ದಷ್ಟಕ್ಕೆ ಸರಿಯಾಗಿ ತಂತಿ ಎಲ್ಲಾದ್ರೂ ಸ್ವಲ್ಪ ಉದ್ದ ಆಗ್ಬೇಕು, ಅಲ್ವಾ ಅಪ್ಪಾ? ಉದ್ದ ಆದ್ರೆ ಇಳಿಯುತ್ತೆ.”

ಸರಿಯಾದ ಮಾತು. ಆದರೆ ಮೆಟ್ಟುಗಳು ಅಲ್ಲಾಡವು. ಉದ್ದವನ್ನು ಎಲ್ಲಿಂದ ತರುವುದು? ಹಸಿವಾಗಿ ಇಬ್ಬರೂ ಎದ್ದೆವು. ಹೆಂಡತಿ ಎರಡು ಸಲ ಕರೆದಳಂತೆ; ನಮ್ಮಿಬ್ಬರಿಗೂ ಕೇಳಿಸಿರಲಿಲ್ಲ.

೮ ಮಾರ್ಚ್, ಬುಧವಾರ

ಮಾಲೂರಿನ ಹೆಂಚಿನ ಭಟ್ಟಿಯ ಬದುವಿನ ವ್ಯಾಜ್ಯ. ಎದುರು ಪಕ್ಷದ ಸಾಕ್ಷಿಯನ್ನು ಮೆಲ್ಲನೆ ಪ್ರಶ್ನಿಸಿದೆ. ಕೇಳಿದ್ದಕ್ಕಿಂತ ಹೆಚ್ಚನ್ನು ಅವನೇ ಹೇಳಿದ. ಹೊರಗೆ ಬಂದಮೇಲೆ ನನ್ನ ಕಕ್ಷಿದಾರ ಶ್ರೀರಾಮಪ್ಪ ಕೈ ಹಿಸುಕಿಕೊಳ್ಳುತ್ತ, “ಸ್ವಾಮೀ, ಮೈಗೆ ಹುಷಾರಿಲ್ವಾ? ಇವತ್ತು ಯಾರನ್ನೂ ಬೈಯಲೇ ಇಲ್ಲ,” ಎಂದ. ಅಧಿಕಪ್ರಸಂಗಿ.

೧೨ ಮಾರ್ಚ್, ಭಾನುವಾರ

ಇಂದಿನ ಸಂಗತಿಯನ್ನು ಕ್ರಮವಾಗಿ ಬರೆಯಬೇಕು; ಬರೆಯಬಲ್ಲೆನೋ ನೋಡೋಣ.

ಹೆಂಡತಿ ನಡುಮನೆಯಲ್ಲಿ ಸಂತೆಯಿಂದ ತಂದ ಮಾವಿನ ಮಿಡಿಗಳನ್ನು ಉಪ್ಪಿಗೆ ಹಾಕುತ್ತಿದ್ದಳು. ನಾನೂ ಮಗಳೂ ಎಂದಿನಂತೆ ಸೋತು ಕೂತಿದ್ದೆವು. ಅಕ್ಕ ಗೋಡೆಗೊರಗಿ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದಳು:

“ಲೇ ಕೋದಂಡ, ಮನೆ ಅಲ್ಲಾಡಲ್ಲ ಅಂದ್ರೆ ಕುದುರೆಯಾದ್ರೂ ಅಲ್ಲಾಡ್ತದಾ ನೋಡೋ.”

“ಯಾವ ಕುದುರೆ?”

“ಅದೇ ಕಣೋ, ಹೊಟ್ಟೆ ಮೇಲೆ ತಂತಿ ಹೊತ್ಕೊಂಡು ನಿಂತಿದೆಯಲ್ಲ, ಆ ಮರದ ತುಂಡು. ವೀಣೇಲಿ ಅದನ್ನ ಕುದುರೆ ಅಂತೀವಿ. ಚಿಕ್ಕಂದಿನಲ್ಲಿ ಅಷ್ಟು ದಿನ ಶ್ರೀನಿವಾಸಪುರದಲ್ಲಿ ನಮ್ಮ ಮನೇಲಿದ್ದ ನಿನ್ನ ಮಗನಿಗೆ ಗೊತ್ತಿತ್ತು, ನಿನಗೆ ಗೊತ್ತಿಲ್ವಾ?”

ಹೆಂಡತಿಯ ಕೈಯಿಂದ ಮಿಡಿಯೊಂದು ಭರಣಿಯ ಹೊರಗೆ ಬಿತ್ತು. “ಏನಂದ್ರಿ ವದಿನಾ? ಕುದುರೇನಾ?”

ಅನಂತರ ಅವಳು ಹೇಳಿದ್ದನ್ನು ಅವಳ ಮಾತಿನಲ್ಲಿಯೇ ಬರೆಯುತ್ತೇನೆ.

“ಆ ಸಂಕ್ರಾಂತಿಗೆ ಕದಿರೇಶ ಬಂದಿದ್ನಲ್ಲ. ಅಮ್ಮಾ, ನನ್ನ ಕುದುರೆ ಸೊಟ್ಟಗೆ ನಿಂತ್ರೇನೇ ಎಲ್ಲಾ ಮನೆಗೂ ಸರಿಯಾಗಿ ಹೋಗೋದು, ನೆಟ್ಟಗೆ ನಿಲ್ಲಿಸಿದ್ರೆ ಒಂದು ಮನೇನೂ ಸಿಗಲ್ಲ ಅಂದ. ನಾನು ಗಣಿ ಪಕ್ಕದ ರಾಬರ್ಟ್‌ಸನ್‌ಪೇಟೇಲಿ ಇವನೊಂದು ಜಟಕಾ ಇಟ್ಟಿದ್ದಾನೆ ಅಂದ್ಕೊಂಡೆ! ಪಾಪ, ಮೂಗುಪ್ರಾಣಿ, ಕಾಲು ನೋವಿರಬೇಕು ಕಣೋ, ವೇಳೆಗೆ ಸರಿಯಾಗಿ ಹುಲ್ಲು ಹಾಕ್ತೀಯೇನೋ ಅಂತ ಕೇಳ್ದೆ. ಬಿದ್ದು ಬಿದ್ದು ನಕ್ಕ. ಅದು ಹುಲ್ಲು ತಿನ್ನಲ್ಲಮ್ಮಾ, ಬೇಕಾದ್ರೆ ನೀನೇ ಒಂದಿನ ಹಾಕಿ ನೋಡು ಅಂದ. ಹುಲ್ಲು ತಿನ್ನದ ಕುದುರೆ ಎಂಥದೋ ಅಂತ ನಾನು ಪಕ್ಕದ ಬೀದಿ ಆವಲಮ್ಮನ ಹತ್ರಾನೂ ಹೇಳ್ಕೊಂಡು ವ್ಯಥೆಪಟ್ಟೆ!”

ಹೇಳುತ್ತ ಹೇಳುತ್ತ ಅವಳಿಗೆ ನಗು ಬಂತು. ಉಪ್ಪಿನ ಕೈಯಿಂದ ಕಣ್ಣೊರೆಸಿಕೊಂಡಳು, ಕಣ್ಣುರಿಯಿತು, ಅದಕ್ಕೂ ನಕ್ಕಳು. ಅಕ್ಕ ಎಲೆಯಡಿಕೆ ನೆತ್ತಿಗೇರಿ ಕೆಮ್ಮಿದಳು. ಆದಿಲಕ್ಷ್ಮಿ ಗಿಟಾರಿನ ಮೇಲೆ ತಲೆಯಿಟ್ಟುಬಿಟ್ಟಳು. ಅವಳು ನಕ್ಕಾಗಲೆಲ್ಲ ತಂತಿಗಳು ಝಂಯ್ಯೆನ್ನುತ್ತಿದ್ದವು.

ಕುದುರೆಯ ಮಾತು ಆ ಹಬ್ಬದಲ್ಲಿ ನನ್ನ ಕಿವಿಗೂ ಬಿದ್ದಿತ್ತು. ಬೆಂಗಳೂರಿನ ರೇಸಿನ ವಿಷಯವೆಂದು ತಿಳಿದು ನಾನು ಜೂಜಿನ ಕೆಡುಕುಗಳನ್ನು ಕುರಿತು, ಪೀಠಿಕೆ ಉಪಸಂಹಾರಗಳ ಸಮೇತ, ಊಟದೆಲೆಯ ಮುಂದೆ ಉಪನ್ಯಾಸ ಮಾಡಿದ್ದೆ. ಅವನು ತಲೆ ತಗ್ಗಿಸಿ ಕೇಳಿದ. ಪಶ್ಚಾತ್ತಾಪವೆಂದು ಅಂದು ಭಾವಿಸಿದ್ದೆ. ಇಂದು ನೋಡಿದರೆ ನಗು ತಡೆದುಕೊಳ್ಳಲು ತಗ್ಗಿಸಿದ್ದ, ಕಳ್ಳ.

ನಗು ಅಡಗಿದ ಮೇಲೆ ನಾಲ್ವರೂ ಆ ಮರದ ತುಂಡನ್ನು ನೋಡಿದೆವು. ಅದು ರೂಲುಪಟ್ಟಿಯಷ್ಟು ನೆಟ್ಟಗೆ ನಿಂತಿತ್ತು.

“ಇದನ್ನ ನೆಟ್ಟಗೆ ನಿಲ್ಲಿಸಿದ ಪುಣ್ಯಾತ್ಮ ಯಾರೋ?” ಎಂದಳು ಅಕ್ಕ.

ನಾನು ಕನ್ನಡಕ ಒರೆಸಿಕೊಂಡೆ.

೧೩ ಮಾರ್ಚ್, ಸೋಮವಾರ

ಕೋರ್ಟಿಗೆ ಹೊರಡುವ ಮುನ್ನವೇ ಕೂತೆವು. ತಂತಿಗಳನ್ನು ಸಡಿಲಿಸಿದೆವು. ಆದಿಲಕ್ಷ್ಮಿ ನಟ್ಟನಡುವೆ ಸೋಕಿಸಿ ಮೀಟುವಳು, ಬಳಿಕ ಅಲ್ಲಿಯೇ ಒತ್ತಿ ಮೀಟುವಳು. ಒತ್ತಿದ ಸ್ವರ ಏರಿದರೆ ನಾನು ಹೆಬ್ಬೆರಳಿನಿಂದ ಕುದುರೆಯನ್ನು ಮೆಟ್ಟುಗಳಿಂದ ದೂರಕ್ಕೆ ತಳ್ಳುವೆನು. ತಳ್ಳಿದಷ್ಟು ತಂತಿ ಉದ್ದವಾಗುತ್ತದೆ, ಹಿಗ್ಗಿದ್ದರಿಂದ ಬಂದ ಏರಿಕೆ ಅದರಲ್ಲಿ ಕರಗುತ್ತದೆ. ಸಣ್ಣ ತಂತಿಯ ಕಡೆ ಸ್ವಲ್ಪ ಸರಿಸಿದರೆ ಸಾಕಾಯಿತು. ದಪ್ಪ ತಂತಿಯ ಕಡೆ ಇನ್ನೂ ಹಿಂದಕ್ಕೆ, ಇನ್ನೂ ಹಿಂದಕ್ಕೆ. ಕಿವಿಯೊಂದನ್ನೇ ನಂಬಿ ನಡೆದೆವು. ಕುದುರೆ ತಾನಾಗಿ ಓರೆಯಾಗುತ್ತ ಬಂತು.

ಕಡೆಯ ತಂತಿ ಒಪ್ಪಿದ ಹೊತ್ತಿಗೆ ಬಿಸಿಲು ಕಿಟಕಿಯಿಂದ ಅಡ್ಡಲಾಗಿ ಗಿಟಾರಿನ ಮೇಲೆ ಬಿದ್ದಿತ್ತು. ಆದಿಲಕ್ಷ್ಮಿ ನನ್ನ ಕೈ ಹಿಡಿದು ನಿಲ್ಲಿಸಿದಳು.

“ಅಪ್ಪಾ, ಕುದುರೆ ಕಾಲಿನ ಹತ್ರ ನೋಡಿ.”

ಹೊಟ್ಟೆಯ ಮೆರುಗಿನ ಮೇಲೆ ಕೂದಲೆಳೆಯಂತಹ ಒಂದು ಓರೆಗೆರೆ. ಬಹುಕಾಲ ಒಂದೇ ಕಡೆ ನಿಂತಿದ್ದ ಕುದುರೆಯ ಪಾದ ಮೂಡಿಸಿದ ಗುರುತು. ನಾನು ಎಣ್ಣೆಬಟ್ಟೆಯಿಂದ ಅಷ್ಟು ತಿಕ್ಕಿದ್ದರೂ ಹೋಗಿರಲಿಲ್ಲ. ನಾವು ಕಿವಿಯಿಂದ ಹುಡುಕಿ ಮುಟ್ಟಿದ ಜಾಗ ಆ ಗೆರೆಯ ಮೇಲೆಯೇ ಇತ್ತು. ಕದಿರೇ­ಶ ಇಟ್ಟ ಜಾಗ. ಅವನಿಗೂ ಇದೇ ಷಡ್ಜ ಕೇಳಿಸಿತ್ತು.

ಕೋರ್ಟಿಗೆ ತಡವಾಗಿ ಹೋದೆ. ಹೊಸ ಅನುಭವ.

೧೪ ಮಾರ್ಚ್, ಮಂಗಳವಾರ

ಕುದುರೆ ಸರಿಹೋದ ಮೇಲೂ ನನ್ನ ಬೆರಳಿನಡಿ ಸ್ವರ ಏರುತ್ತಲೇ ಇದೆ. ಕದಿರೇಶ ಅದನ್ನು ನಿಲ್ಲಿಸಿದ್ದು ಹಗುರವಾದ ಕೈಗೆ. ಅಕ್ಕ ಈಗ ಒಂದೇ ಬೆರಳಿನಿಂದ, ಬಿಸಿ ಪಾತ್ರೆ ಮುಟ್ಟುವಂತೆ ಮುಟ್ಟುತ್ತಾಳೆ, ಅವಳಿಗೆ ಬಂತು. ನನಗೆ ಬರಲಿಲ್ಲ.

“ಮೆಟ್ಟಿನ ಪಕ್ಕದಲ್ಲೇ ಬೆರಳಿಡಿ ಅಪ್ಪಾ. ಅಷ್ಟು ದೂರ ಬೇಡ. ಹೂಂ. ಈಗ ಮೆಲ್ಲಗೆ. ಇನ್ನೂ ಮೆಲ್ಲಗೆ. ಅದು ಓಡಿಹೋಗಲ್ಲ.”

ಒಂದು ಸಲ ಬಂತು. ಮತ್ತೆ ತಪ್ಪಿತು.

೨೪ ಮಾರ್ಚ್, ಶುಕ್ರವಾರ

ಯುಗಾದಿ ಕಳೆದು ಪ್ರಮಾಥಿ ಸಂವತ್ಸರ ಬಂತು. ಹೆಂಡತಿ ಹೋಳಿಗೆ ಮಾಡಿದ್ದಳು, ಹೋದ ವರ್ಷ ಮಾಡಿರಲಿಲ್ಲ. ಭಜನೆಯ ಆರತಿಯ ಹಾಡಿಗೆ ಆದಿಲಕ್ಷ್ಮಿ ಗಿಟಾರು, ಅಕ್ಕ ಹಾರ್ಮೋನಿಯಂ. ಕೊನೆಯ ಸಾಲಿನಲ್ಲಿ ಮೂರು ಸ್ವರ ನನಗೆ ಕೊಟ್ಟಿದ್ದಾರೆ. ನ್ಯಾಯಾಧೀಶನಿಗೆ ಲಂಚವೆಂದು ಆಕ್ಷೇಪಿಸಿದೆ. “ಹಾಗಾದ್ರೆ ಎರಡು ಸಾಕು,” ಎಂದಳು ಮಗಳು. ಮೂರೇ ಇರಲೆಂದೆ.

ಒಂದು ಚಿಂತೆ. ಶ್ರುತಿ ಒಪ್ಪಿದೆಯೆಂದು ತೀರ್ಮಾನಿಸಬೇಕಾದವನು ನಾನು. ನನ್ನ ಕಿವಿ ಈಗ ನಿಷ್ಪಕ್ಷಪಾತವಾಗಿ ಉಳಿದಿಲ್ಲ. ಗಣಿಯಿಂದ ಬರುವ ಆರೋಗ್ಯಸ್ವಾಮಿ ಕದಿರೇಶನ ಪಕ್ಕದಲ್ಲಿ ಕೂತು ಈ ವಾದ್ಯವನ್ನು ಕೇಳಿದವನು. ತೀರ್ಪನ್ನು ಅವನಿಗೆ ಬಿಡುವುದೇ ನ್ಯಾಯ. ಅವನು ಸರಿಯಿಲ್ಲವೆಂದರೆ ಕೊಟ್ಟುಬಿಡಬೇಕು. ಮಗಳಿಗೆ ಇದನ್ನು ಹೇಳಿದೆ. ಅವಳ ಮುಖ ಸಣ್ಣದಾಯಿತು. ಆದರೂ, “ಸರಿ,” ಎಂದಳು. ಅಮ್ಮನಿಗೆ ಮಾತ್ರ ಹೇಳಬೇಡಿರೆಂದಳು.

೩೧ ಮಾರ್ಚ್, ಶುಕ್ರವಾರ

ಹಬ್ಬ ಮುಗಿಯಿತು. ಗದ್ದಲದಲ್ಲಿ ಬರೆಯಲು ಬಿಡುವಿರಲಿಲ್ಲ.

ಹಬ್ಬದ ದಿನ ಬೆಳಗ್ಗೆ ದೇವರ ಮುಂದೆ ವಾದ್ಯಗಳನ್ನಿಟ್ಟು ಕುಂಕುಮ ಹಚ್ಚಿದ್ದರು. ಗಿಟಾರಿನ ಮುಂದೆ ಮಾತ್ರ, ಹೂವಿನ ಪಕ್ಕದಲ್ಲಿ, ಒಂದು ಹಿಡಿ ಹಸಿ ಗರಿಕೆಹುಲ್ಲು.

“ಇದೇಕೆ? ಇಂದು ಗಣಪತಿಯ ಹಬ್ಬವಲ್ಲವಲ್ಲ.”

“ಗಣಪತಿಗಲ್ಲ, ಕುದುರೆಗೆ,” ಎಂದಳು ಹೆಂಡತಿ, ಪಾನಕಕ್ಕೆ ಬೆಲ್ಲ ಕರಗಿಸುತ್ತ. “ಹಾಕಿ ನೋಡು ಅಂದಿದ್ನಲ್ಲ.”

ಆರೋಗ್ಯಸ್ವಾಮಿ ಸಂಜೆಯ ರೈಲಿಗೆ ಬಂದ. ಎಣ್ಣೆ ಬಾಚಿದ ಕೂದಲು, ಇಸ್ತ್ರಿ ಮಾಡಿದ ಕೋಟು, ಕಂಕುಳಲ್ಲಿ ಗಿಟಾರಿಗೆಂದು ಹೊಲಿಸಿ ತಂದ ಕ್ಯಾನ್ವಾಸ್ ಗವಸು. ಆ ಖಾಲಿ ಗವಸನ್ನು ಕಂಡು ಹೆಂಡತಿ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲವೂ ತಿಳಿದಿತ್ತೆಂದು ಆಗ ತಿಳಿಯಿತು.

ಭಜನೆ ತುಂಬಿ ನಡೆಯಿತು. ಪಕ್ಕದ ಬೀದಿಯ ಆವಲಮ್ಮನವರೂ ಬಂದಿದ್ದರು, ಹುಲ್ಲು ತಿನ್ನದ ಕುದುರೆಯನ್ನು ನೋಡಲು. ಆರತಿಯ ಹಾಡು ಬಂತು. ಆದಿಲಕ್ಷ್ಮಿ ನುಡಿಸಿದಳು. ಹಾರ್ಮೋನಿಯಂ ಎಲ್ಲಿ ಮುಗಿಯಿತು, ಗಿಟಾರು ಎಲ್ಲಿ ಹಿಡಿಯಿತು, ನನಗೆ ಗೊತ್ತಾಗಲಿಲ್ಲ. ಕೊನೆಯ ಸಾಲಿನಲ್ಲಿ ಅವಳು ವಾದ್ಯದ ಕತ್ತನ್ನು ನನ್ನ ಕಡೆಗೆ ಬಾಗಿಸಿದಳು. ಮೊದಲ ಸ್ವರ ಸರಿ. ಎರಡನೆಯದು ಸರಿ. ಮೂರನೆಯದರಲ್ಲಿ ಗಾಬರಿಯಾಗಿ ಒತ್ತಿಬಿಟ್ಟೆ. ಅದು ಏರಿ ಕಿರುಗುಟ್ಟಿತು. ಅಕ್ಕ ಎಲ್ಲರೆದುರಿಗೆ, “ಮೆಲ್ಲಗೆ ಕಣೋ!” ಎಂದಳು. ಮಂದಿ ನಕ್ಕರು. ಮತ್ತೊಮ್ಮೆ ಮುಟ್ಟಿದೆ. ಬಂತು.

ಪಾನಕ ಕೋಸಂಬರಿ ಮುಗಿದು ಮಂದಿ ಚದುರಿದ ಮೇಲೆ ಆರೋಗ್ಯಸ್ವಾಮಿಯನ್ನು ಕೂರಿಸಿಕೊಂಡೆ. ತೀರ್ಪು ಅವನದೆಂದು ಹೇಳಿ ಸುಮ್ಮನಿರಬೇಕಾಗಿತ್ತು. ಇರಲಾಗಲಿಲ್ಲ. ಎದ್ದು ನಿಂತೆ. ಕೊನೆಯಲ್ಲಿ ತಪ್ಪಿದ ಸ್ವರ ನನ್ನ ಕೈಯ ದೋಷವೇ ಹೊರತು ವಾದ್ಯದ್ದಲ್ಲವೆಂದೂ, ತಂತಿಯ ಹಿಗ್ಗನ್ನೂ, ಕುದುರೆಯ ಓರೆಯನ್ನೂ, ಒತ್ತುವ ಕೈ ಹಗುರವಾದರೆ ಗಿಟಾರಿನಷ್ಟು ಸತ್ಯವಂತ ಸಾಕ್ಷಿ ಬೇರೊಂದಿಲ್ಲವೆಂಬುದನ್ನೂ ಮಂಡಿಸಿದೆ. ಕಾಲೇಜಿನ ದಿನಗಳ ನಂತರ ನಾನು ಹಾಗೆ ಮಾತನಾಡಿರಲಿಲ್ಲ. ನನ್ನ ಪ್ರಸ್ತಾಪವನ್ನು ನಾನೇ ತುಂಡುತುಂಡು ಮಾಡಿದೆ. ಅಕ್ಕ ತೂಕಡಿಸಿದಳು.

ಆರೋಗ್ಯಸ್ವಾಮಿ ಕೊನೆಯವರೆಗೂ ವಿನಯದಿಂದ ಕೇಳಿದ. ಬಳಿಕ ಹೇಳಿದ: “ಸಾರ್, ತಪ್ಪು ತಿಳ್ಕೋಬೇಡಿ. ನೀವು ಇಷ್ಟು ಮಾತಾಡೋ ಅವಶ್ಯ ಇರ್ಲಿಲ್ಲ. ನಿಮ್ಮ ಮಗಳು ನುಡಿಸೋಕೆ ಶುರು ಮಾಡಿದ ತಕ್ಷಣಾನೇ ನಾನು ಗವಸು ಮಡಚಿಟ್ಟೆ.”

ನೋಡಿದರೆ ಗವಸು ನಾಲ್ಕು ಮಡಿಕೆಯಾಗಿ ಅವನ ತೊಡೆಯ ಕೆಳಗಿತ್ತು. ಅದನ್ನು ತೆಗೆದು ಆದಿಲಕ್ಷ್ಮಿಯ ಕೈಗೆ ಕೊಟ್ಟ. “ಇಟ್ಕೋಮ್ಮ. ಧೂಳು ಬೀಳ್ಬಾರ್ದು. ಬಿಸಿಲಿಗೆ ಮಾತ್ರ ಇಡ್ಬೇಡಿ.”

ಹೆಂಡತಿ ಕೆಮ್ಮಿದಳು.

ಪ್ರಸ್ತಾಪ ಬಿದ್ದುಹೋಯಿತು. ವಾದ್ಯ ಮನೆಯಲ್ಲಿರತಕ್ಕದ್ದು.

೧ ಏಪ್ರಿಲ್, ಶನಿವಾರ

ಕೋರ್ಟಿಲ್ಲ. ಅಕ್ಕ ಬೆಳಗಿನ ರೈಲಿಗೆ ಹೊರಟಳು. ಮೇಣದುಂಡೆಯನ್ನು ನಮ್ಮಲ್ಲಿಯೇ ಬಿಟ್ಟಿದ್ದಾಳೆ, ಬೇಕಾದೀತೆಂದು.

ಮಧ್ಯಾಹ್ನ ಆದಿಲಕ್ಷ್ಮಿ ಮಲಗಿದ್ದಾಗ ನಡುಮನೆಗೆ ಹೋದೆ. ಗಿಟಾರು ಗವಸಿನಲ್ಲಿ ಗೋಡೆಗೆ ಒರಗಿತ್ತು. ಅದರ ಮುಂದಿನ ಗರಿಕೆ ಬಾಡಿ ಹಳದಿಯಾಗಿತ್ತು. ಹಿತ್ತಲಿಗೆ ಹೋಗಿ, ಬಾವಿಯ ಪಕ್ಕದಿಂದ ಹಸಿ ಗರಿಕೆ ಕಿತ್ತು, ತೊಳೆದು, ತಂದಿಟ್ಟೆ.